ಎರೆಭೂಮಿಯಲ್ಲಿ ಅರ್ಥಿಂಗ್ ಅಳೆಯುವ ಪ್ರಾಜೆಕ್ಟ್: ನವೆಂಬರ್‌ನಿಂದ ಮೇ ತನಕ

ರಾಯಚೂರು, ಬಳ್ಳಾರಿ ಕಡೆಯ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್ ಕಾಲಡಿಯಲ್ಲೇ ಇದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರಲ್ಲಿ ನೆಟ್ಟ ಅರ್ಥ್ ಪೈಪಿನ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಪೈಪಿನ) ರೆಸಿಸ್ಟೆನ್ಸ್ ವರ್ಷವಿಡೀ ಒಂದೇ ಇರಲಾರದು. ಹಸಿ ನೆಲದಲ್ಲಿ ಒಮ್ಮೆ ಅಳೆದು ವರದಿ ಬರೆದರೆ ಕೆಲಸಕ್ಕೆ ಬಾರದು. ನವೆಂಬರ್‌ಗೆ ಶುರುಮಾಡಿ, ಮೇ ಕೊನೆಯ ತನಕ ತಿಂಗಳಿಗೊಮ್ಮೆ ಅಳೆಯಿರಿ.

ಜಾಗ ಮಳೆಯಾಶ್ರಿತ ಎರೆಹೊಲದಲ್ಲಿರಲಿ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ನೀರಾವರಿ ಗದ್ದೆಗಳಲ್ಲಿ ಕಾಲುವೆ ನೀರು ಮಣ್ಣನ್ನು ತೇವವಾಗಿಡುತ್ತದೆ, ಋತುವಿನ ಪರಿಣಾಮ ಕಾಣುವುದಿಲ್ಲ. ಹತ್ತಿರದಲ್ಲಿ ನೀರಿನ ಕಬ್ಬಿಣದ ಪೈಪ್‌ಲೈನ್ ಇದ್ದರೂ ಬೇಡ. ಕರೆಂಟ್ ಅದರೊಳಗೆ ಹರಿದು ರೀಡಿಂಗ್ ಸುಳ್ಳೇ ಕಡಿಮೆ ಬರುತ್ತದೆ.

3 ಮೀಟರ್ ಉದ್ದ, 40 ಮಿ.ಮೀ. ಹೊರವ್ಯಾಸದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಹೊಸದಾಗಿ ನೆಟ್ಟು, ಸುತ್ತ ಅದೇ ಮಣ್ಣನ್ನು ತುಂಬಿ. ಇದ್ದಿಲು, ಉಪ್ಪು ಹಾಕಿದರೆ ನೀವು ಅಳೆಯುವುದು ಗುಂಡಿಯನ್ನು, ಹೊಲವನ್ನಲ್ಲ. ಬಳಕೆಯಲ್ಲಿರುವ ಟ್ರಾನ್ಸ್‌ಫಾರ್ಮರ್‌ನ ಅರ್ಥ್ ತಂತಿಯನ್ನು ಎಂದೂ ಬಿಚ್ಚಬೇಡಿ. ಫಾಲ್ಟ್ ಆದರೆ ಬಿಚ್ಚಿದ ತುದಿಯಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಬರಬಹುದು.

ಮೊದಲು ಮಣ್ಣಿನ ರೆಸಿಸ್ಟಿವಿಟಿ, ಅಂದರೆ ಮಣ್ಣು ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬುದು. ನಾಲ್ಕು ಕಬ್ಬಿಣದ ಗೂಟಗಳನ್ನು ಒಂದೇ ಸಾಲಿನಲ್ಲಿ 2 ಮೀಟರ್‌ಗೊಂದರಂತೆ, 10 ಸೆಂ.ಮೀ. ಆಳಕ್ಕೆ ಹೊಡೆಯಿರಿ, ಆಳ ಅಂತರದ ಇಪ್ಪತ್ತನೇ ಒಂದು ಪಾಲು ಮೀರಬಾರದು. ಅರ್ಥ್ ಮೆಗ್ಗರಿನಲ್ಲಿ (ನೆಲದ ರೆಸಿಸ್ಟೆನ್ಸ್ ಅಳೆಯುವ ಮೀಟರ್) ಹೊರಗಿನ ಎರಡು ಗೂಟ ಕರೆಂಟಿಗೆ, ಒಳಗಿನ ಎರಡು ವೋಲ್ಟೇಜಿಗೆ. ರೆಸಿಸ್ಟಿವಿಟಿ ಎಂದರೆ 2 × 3.14 × ಅಂತರ × ರೀಡಿಂಗ್. ರೀಡಿಂಗ್ 1.6 ಓಮ್ ಬಂದರೆ 2 × 3.14 × 2 × 1.6, ಅಂದರೆ ಸುಮಾರು 20 ಓಮ್-ಮೀಟರ್.

ಆಮೇಲೆ ಪೈಪು. ಅರ್ಥ್ ಮೆಗ್ಗರಿನ ಸಿ1 (ಕರೆಂಟ್), ಪಿ1 (ವೋಲ್ಟೇಜ್) ತುದಿಗಳೆರಡನ್ನೂ ಕೂಡಿಸಿ ಪೈಪಿಗೆ ಕಟ್ಟಿ. ಕರೆಂಟ್ ಗೂಟ 30 ಮೀಟರ್ ದೂರದಲ್ಲಿ, ವೋಲ್ಟೇಜ್ ಗೂಟ ಅದೇ ಸಾಲಿನಲ್ಲಿ 18.6 ಮೀಟರ್‌ಗೆ, ಅಂದರೆ 62 ಶೇಕಡಕ್ಕೆ. ನಂತರ ವೋಲ್ಟೇಜ್ ಗೂಟವನ್ನು 15.6 ಮತ್ತು 21.6 ಮೀಟರ್‌ಗೆ ಸರಿಸಿ ಮತ್ತೆ ನೋಡಿ. ಮೂರೂ ರೀಡಿಂಗ್ 5 ಶೇಕಡದೊಳಗೆ ಹೊಂದಿದರೆ ನಂಬಬಹುದು. ಏರುತ್ತಲೇ ಹೋದರೆ ಪೈಪಿನ ಮತ್ತು ಕರೆಂಟ್ ಗೂಟದ ಪ್ರಭಾವದ ವಲಯಗಳು ಒಂದರ ಮೇಲೊಂದು ಬಿದ್ದಿವೆ. ಕರೆಂಟ್ ಗೂಟವನ್ನು 50 ಮೀಟರ್‌ಗೆ ಒಯ್ಯಿರಿ, ವೋಲ್ಟೇಜ್ ಗೂಟದ ದೂರವನ್ನೂ ಅದೇ ಲೆಕ್ಕದಲ್ಲಿ ಬದಲಿಸಿ.

ಮೇ ತಿಂಗಳಲ್ಲಿ ಮೀಟರ್ ತಕರಾರು ತೆಗೆಯುವುದು ಸಹಜ, ಏಕೆಂದರೆ ಗೂಟ ಬಿರುಕಿನಲ್ಲಿ ನಿಂತಿರುತ್ತದೆ. ಇಡೀ ಹೆಂಟೆ ಹುಡುಕಿ ಅದರಲ್ಲಿ ಹೊಡೆಯಿರಿ, ಗೂಟದ ಬುಡಕ್ಕೆ ಒಂದು ಚೊಂಬು ನೀರು ಹಾಕಿ. ಗೂಟಕ್ಕೆ ನೀರು ಹಾಕುವುದು ತಪ್ಪಲ್ಲ. ಪೈಪಿನ ಬುಡಕ್ಕೆ ಮಾತ್ರ ಒಂದು ಹನಿಯೂ ಬೀಳಬಾರದು.

ಈಗ ಲೆಕ್ಕದ ತಿರುಳು. ಪೈಪಿನ ಉದ್ದದ ಎಂಟರಷ್ಟನ್ನು ವ್ಯಾಸದಿಂದ (ಎರಡೂ ಮೀಟರ್ ಲೆಕ್ಕದಲ್ಲಿ) ಭಾಗಿಸಿ, ನ್ಯಾಚುರಲ್ ಲಾಗ್ ತೆಗೆದು, 1 ಕಳೆಯಿರಿ; ರೆಸಿಸ್ಟಿವಿಟಿಯಿಂದ ಗುಣಿಸಿ, 6.28 × ಉದ್ದದಿಂದ ಭಾಗಿಸಿ. 20 ಓಮ್-ಮೀಟರ್ ಮಣ್ಣಿನಲ್ಲಿ 3 ಮೀಟರ್ ಪೈಪಿಗೆ 5.7 ಓಮ್ ಬರುತ್ತದೆ. ಮೇಲಿನ 1 ಮೀಟರ್ ಮಣ್ಣು ಬಿರಿದು ಪೈಪಿನಿಂದ ದೂರ ಸರಿದರೆ ಕೆಲಸ ಮಾಡುವ ಉದ್ದ 2 ಮೀಟರ್, ಉತ್ತರ ಸುಮಾರು 7.9 ಓಮ್. ನಿಮ್ಮ ರೀಡಿಂಗ್ ಇದಕ್ಕಿಂತಲೂ ಮೇಲೆ ಹೋದರೆ ಕೆಳಗಿನ ಮಣ್ಣೂ ಒಣಗಿದೆ. ಗೂಟಗಳ ಅಂತರ 1, 2, 4 ಮೀಟರ್ ಮಾಡಿ ರೆಸಿಸ್ಟಿವಿಟಿ ಮತ್ತೆ ಅಳೆದರೆ ಎಷ್ಟು ಆಳದವರೆಗೆ ಒಣಗಿದೆ ಎಂಬುದರ ಅಂದಾಜು ಸಿಗುತ್ತದೆ.

ಪರಿಹಾರವೆಂದು ಬೆಂಟೊನೈಟ್ (ಪೈಪಿನ ಸುತ್ತ ತುಂಬುವ, ತೇವ ಹಿಡಿಯುವ ಜೇಡಿ) ಬರೆಯುವ ಮುನ್ನ ಯೋಚಿಸಿ. ಎರೆಮಣ್ಣು ಬಿರಿಯುವುದು ಯಾವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದಿಂದಲೋ ಬೆಂಟೊನೈಟಿನ ಮುಖ್ಯ ಖನಿಜವೂ ಅದೇ; ತೇವ ಆರಿದರೆ ಅದೂ ಬಿರಿಯುತ್ತದೆ. ಅದರ ಬದಲು ಪಕ್ಕದಲ್ಲೇ ಬಿರುಕಿನ ಆಳ ದಾಟಿ ಹೋಗುವ 5 ಮೀಟರ್ ಪೈಪೊಂದನ್ನು ನವೆಂಬರ್‌ನಲ್ಲೇ ನೆಟ್ಟು, ಎರಡನ್ನೂ ಒಂದೇ ದಿನ ಅಳೆಯಿರಿ. ಪ್ರತಿ ರೀಡಿಂಗಿನ ಮುಂದೆ ದಿನಾಂಕ, ಕೊನೆಯ ಮಳೆ ಬಿದ್ದ ದಿನ ಮತ್ತು ಪೈಪಿನ ಬುಡದಲ್ಲಿ ಬಿರುಕಿನ ಅಗಲ ಬರೆದಿರಲಿ.