ಒಂದು ಸರ್ವರ್, ಹಲವು ಡೊಮೇನ್: ಸರ್ಟಿಫಿಕೇಟ್ ಕೂರಿಸುವಲ್ಲಿ ನನ್ನ ಅನುಭವ

ಒಂದು ಉಬುಂಟು ಸರ್ವರ್, ಅದಕ್ಕೆ ಒಂದೇ ಐಪಿ (ಇಂಟರ್ನೆಟ್ ವಿಳಾಸ), ಅದರ ಮೇಲೆ ಬೇರೆಬೇರೆಯವರ ಜಾಲತಾಣಗಳು: ಅಂಗಡಿಯದು, ಶಾಲೆಯದು, ಸಹಕಾರ ಸಂಘದ್ದು. ಮುಂದೆ ನಿಂತಿರುವುದು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ, ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್, ಅದನ್ನು ತರುವ ತಂತ್ರಾಂಶ ಸರ್ಟ್‌ಬಾಟ್. ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಹೆಚ್ಚಿನವು ಹೀಗೇ ಇವೆ.

ಕೀಬೋರ್ಡ್ ಮುಟ್ಟುವ ಮೊದಲೇ ಒಂದು ತೀರ್ಮಾನ ಆಗಬೇಕು: ಯಾವ ಹೆಸರುಗಳು ಒಂದೇ ಸರ್ಟಿಫಿಕೇಟಿನಲ್ಲಿ ಇರಬೇಕು? ಲೆಟ್ಸ್ ಎನ್‌ಕ್ರಿಪ್ಟ್ ಒಂದು ಸರ್ಟಿಫಿಕೇಟಿಗೆ 100 ಹೆಸರುಗಳವರೆಗೆ ಸೇರಿಸಲು ಬಿಡುತ್ತದೆ. ಹಾಗಾಗಿ ಸರ್ವರ್‌ನಲ್ಲಿರುವುದನ್ನೆಲ್ಲ ಒಂದರಲ್ಲೇ ತುಂಬುವ ಆಸೆ ಸಹಜ. ನಾನು ಹಾಗೆ ಮಾಡುವುದಿಲ್ಲ. ಡೊಮೇನ್ ಯಾರದೋ ಅವರಿಗೊಂದು ಸರ್ಟಿಫಿಕೇಟ್. ಅದರಲ್ಲಿ ಬರಿ ಡೊಮೇನ್, ಅದರ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ರೂಪ, ಬೇಕಿದ್ದರೆ ಅವರದೇ ಒಂದೆರಡು ಉಪಡೊಮೇನ್, ಅಷ್ಟೆ. ಕಾರಣ ಇಷ್ಟೇ: ಹಲವು ಹೆಸರುಗಳ ಸರ್ಟಿಫಿಕೇಟ್ ರಿನ್ಯೂ ಆಗಬೇಕಾದರೆ ಅದರಲ್ಲಿರುವ ಪ್ರತಿ ಹೆಸರೂ ಪರೀಕ್ಷೆಯಲ್ಲಿ, ಅಂದರೆ ಆ ಹೆಸರು ನಮ್ಮ ಹಿಡಿತದಲ್ಲಿದೆಯೇ ಎಂದು ಲೆಟ್ಸ್ ಎನ್‌ಕ್ರಿಪ್ಟ್ ನಡೆಸುವ ತಪಾಸಣೆಯಲ್ಲಿ, ಪಾಸಾಗಬೇಕು. ಶಾಲೆಯವರು ಡೊಮೇನ್ ಹಣ ಕಟ್ಟುವುದನ್ನು ಮರೆತರೆ, ಅಥವಾ ನಮಗೆ ಹೇಳದೆ ಬೇರೆ ಹೋಸ್ಟಿಂಗ್‌ಗೆ ಹೋದರೆ, ಅದೇ ಸರ್ಟಿಫಿಕೇಟಿನಲ್ಲಿರುವ ಅಂಗಡಿಯ ರಿನ್ಯೂ ಕೂಡ ನಿಲ್ಲುತ್ತದೆ. ಪಾಸಾಗದ ಹೆಸರುಗಳನ್ನು ಬಿಟ್ಟು ಉಳಿದವಕ್ಕೆ ಮಾತ್ರ ತರುವ ಆಯ್ಕೆ ಸರ್ಟ್‌ಬಾಟ್‌ನಲ್ಲಿದೆ. ಆದರೆ ಡಿಎನ್‌ಎಸ್ (ಹೆಸರನ್ನು ಐಪಿಗೆ ಜೋಡಿಸುವ ವ್ಯವಸ್ಥೆ) ಅರೆಗಳಿಗೆ ತಪ್ಪಿದರೂ ಅದು ಸದ್ದಿಲ್ಲದೆ ಆ ಹೆಸರನ್ನು ಉದುರಿಸುತ್ತದೆ, ಆದ್ದರಿಂದ ಅದನ್ನೂ ಬಳಸುವುದಿಲ್ಲ. ಇನ್ನೊಂದು ಮಾತು: ಸರ್ಟಿಫಿಕೇಟಿನಲ್ಲಿರುವ ಹೆಸರುಗಳೆಲ್ಲ ಬ್ರೌಸರ್‌ನಲ್ಲಿ ಸರ್ಟಿಫಿಕೇಟಿನ ವಿವರ ತೆರೆದವರಿಗೆ ಕಾಣುತ್ತವೆ. ತನ್ನ ಪಕ್ಕದಲ್ಲಿ ಪ್ರತಿಸ್ಪರ್ಧಿ ಅಂಗಡಿಯ ಹೆಸರು ಇರುವುದು ಯಾವ ಗಿರಾಕಿಗೂ ಹಿಡಿಸುವುದಿಲ್ಲ.

ಒಂದೇ ಐಪಿಯಲ್ಲಿ ಇಷ್ಟೊಂದು ಸರ್ಟಿಫಿಕೇಟ್ ಹೇಗೆ ಎಂಬ ಅನುಮಾನಕ್ಕೆ ಉತ್ತರ ಎಸ್‌ಎನ್‌ಐ. ಸಂಪರ್ಕ ಶುರುವಾಗುವಾಗಲೇ ಬ್ರೌಸರ್ ತನಗೆ ಯಾವ ಹೆಸರು ಬೇಕೆಂದು ಹೇಳುತ್ತದೆ, ಸರ್ವರ್ ಅದಕ್ಕೆ ತಕ್ಕ ಸರ್ಟಿಫಿಕೇಟ್ ಕೊಡುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಇದು ಬರುತ್ತಿರಲಿಲ್ಲ. ಈಗ ಅದರ ಚಿಂತೆ ಬೇಡ.

ಮೊದಲ ಕೆಲಸ ಡಿಎನ್‌ಎಸ್. ಪ್ರತಿ ಹೆಸರಿಗೂ ಡಿಗ್ ಆಜ್ಞೆ ಓಡಿಸಿ ಎ ದಾಖಲೆ (ಐಪಿವಿ4 ವಿಳಾಸ) ಮತ್ತು ಕ್ವಾಡ್-ಎ ದಾಖಲೆ (ಐಪಿವಿ6 ವಿಳಾಸ) ಎರಡನ್ನೂ ನೋಡುತ್ತೇನೆ. ಎರಡನೆಯದನ್ನೇ ಜನ ಮರೆಯುವುದು. ಹಳೆಯ ಹೋಸ್ಟಿಂಗ್‌ನ ಐಪಿವಿ6 ವಿಳಾಸ ಹಾಗೇ ಉಳಿದಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಅಲ್ಲಿಗೇ ಹೋಗುತ್ತದೆ. ಆ ಹಳೆಯ ಯಂತ್ರ 404 ಎಂದು ಉತ್ತರಿಸಿದರೆ ಪರೀಕ್ಷೆ ಫೇಲ್. ನಮ್ಮ ಮನೆಯ ಇಂಟರ್ನೆಟ್ ಐಪಿವಿ4 ಮಾತ್ರದ್ದಾಗಿದ್ದರೆ ನಮಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ. ಜೊತೆಗೆ, ಆ ಡೊಮೇನಿಗೆ ಯಾರು ಸರ್ಟಿಫಿಕೇಟ್ ಕೊಡಬಹುದೆಂದು ಹೇಳುವ ಸಿಎಎ ದಾಖಲೆ ಇದೆಯೇ ನೋಡಬೇಕು. ಹಿಂದೆ ದುಡ್ಡು ಕೊಟ್ಟು ಬೇರೆ ಕಂಪನಿಯ ಸರ್ಟಿಫಿಕೇಟ್ ಕೊಂಡಿದ್ದವರ ಡೊಮೇನಿನಲ್ಲಿ ಆ ಕಂಪನಿಯ ಹೆಸರು ಮಾತ್ರ ಅದರಲ್ಲಿ ಇರಬಹುದು. ಹಾಗಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಹೆಸರನ್ನೂ ಸೇರಿಸದೆ ಮುಂದೆ ಹೋಗುವಂತಿಲ್ಲ.

80 (ಎಚ್‌ಟಿಟಿಪಿ) ಮತ್ತು 443 (ಎಚ್‌ಟಿಟಿಪಿಎಸ್), ಎರಡೂ ಪೋರ್ಟ್ ತೆರೆದಿರಬೇಕು. ಉಬುಂಟುವಿನದೇ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂನಲ್ಲಿ ತೆರೆದರೆ ಸಾಲದು, ಕ್ಲೌಡ್ ಕಂಪನಿಯ ನಿಯಂತ್ರಣ ಫಲಕದಲ್ಲಿರುವ ಫೈರ್‌ವಾಲ್‌ನಲ್ಲೂ ತೆರೆಯಬೇಕು. ಭದ್ರತೆಗೆಂದು ಭಾರತದ ಹೊರಗಿನ ಐಪಿಗಳನ್ನೆಲ್ಲ ತಡೆದಿರುವ ಸರ್ವರ್‌ಗಳಿವೆ. ಅಲ್ಲಿ ಪರೀಕ್ಷೆ ಎಂದಿಗೂ ಪಾಸಾಗದು, ಏಕೆಂದರೆ ಲೆಟ್ಸ್ ಎನ್‌ಕ್ರಿಪ್ಟ್ 2020ರಿಂದ ಜಗತ್ತಿನ ಬೇರೆಬೇರೆ ಕಡೆಯಿಂದ ಏಕಕಾಲಕ್ಕೆ ಬಂದು ನೋಡುತ್ತದೆ. ಅದರ ಐಪಿಗಳ ಪಟ್ಟಿ ಪ್ರಕಟವಾಗುವುದಿಲ್ಲ, ಆದ್ದರಿಂದ ಅವಕ್ಕೆ ಮಾತ್ರ ದಾರಿ ಬಿಡುವುದೂ ಆಗದು. ಪೋರ್ಟ್ 80 ಅನ್ನು ಎಲ್ಲರಿಗೂ ತೆರೆದಿಟ್ಟು, ತಡೆಯುವುದೇನಿದ್ದರೂ 443ರಲ್ಲಿ ತಡೆಯಿರಿ. ಅದೂ ಬೇಡವೆಂದರೆ ಮುಂದೆ ಹೇಳುವ ಡಿಎನ್‌ಎಸ್ ದಾರಿ ಹಿಡಿಯಿರಿ.

ಸರ್ಟ್‌ಬಾಟ್‌ಗೆ ಎಂಜಿನ್‌ಎಕ್ಸ್ ಪ್ಲಗಿನ್ ಇದೆ. ಒಂದೇ ಆಜ್ಞೆಯಲ್ಲಿ ಸರ್ಟಿಫಿಕೇಟ್ ತಂದು ಕಾನ್ಫಿಗ್ ಫೈಲನ್ನೂ ತಾನೇ ತಿದ್ದುತ್ತದೆ. ಒಂದೇ ಜಾಲತಾಣವಿದ್ದರೆ ಅದು ಚೆನ್ನ. ಹತ್ತಾರು ಇದ್ದಾಗ, ಕೈಯಿಂದ ಬರೆದ ಫೈಲುಗಳ ನಡುವೆ ಅದು ತೂರಿಸುವ ಸಾಲುಗಳು ತಲೆನೋವು. ನಾನು ವೆಬ್‌ರೂಟ್ ವಿಧಾನ ಬಳಸುತ್ತೇನೆ: ಸರ್ಟ್‌ಬಾಟ್ ಒಂದು ಫೋಲ್ಡರಿನಲ್ಲಿ ಸಣ್ಣ ಫೈಲ್ ಇಡುತ್ತದೆ, ಲೆಟ್ಸ್ ಎನ್‌ಕ್ರಿಪ್ಟ್ ಪೋರ್ಟ್ 80ರ ಮೂಲಕ ಬಂದು ಅದನ್ನು ಓದುತ್ತದೆ. ಅದೂ ಎಲ್ಲ ಡೊಮೇನ್‌ಗಳಿಗೂ ಸೇರಿ ಒಂದೇ ಫೋಲ್ಡರ್.

ಎಂಜಿನ್‌ಎಕ್ಸ್‌ನಲ್ಲಿ ಪೋರ್ಟ್ 80ಕ್ಕೆ ಒಂದೇ ಒಂದು ಸರ್ವರ್ ಬ್ಲಾಕ್ (ಕಾನ್ಫಿಗ್‌ನಲ್ಲಿ ಜಾಲತಾಣವನ್ನು ವಿವರಿಸುವ ಭಾಗ) ಬರೆಯುತ್ತೇನೆ. ಲಿಸನ್ ಸಾಲಿನಲ್ಲಿ ಡಿಫಾಲ್ಟ್-ಸರ್ವರ್ ಎಂದು ಗುರುತು, ಐಪಿವಿ6ಗೂ ಪ್ರತ್ಯೇಕ ಲಿಸನ್ ಸಾಲು. ಅದರೊಳಗೆ ಎರಡೇ ಲೊಕೇಶನ್, ಅಂದರೆ ಯಾವ ದಾರಿಗೆ ಏನು ಮಾಡಬೇಕೆಂಬ ನಿಯಮ. ಒಂದು, ಡಾಟ್-ವೆಲ್‌ನೋನ್ ಒಳಗಿನ ಆಕ್ಮಿ-ಚಾಲೆಂಜ್ ದಾರಿ (/.well-known/acme-challenge/), ಪರೀಕ್ಷೆಯ ಫೈಲ್ ಸಿಗಬೇಕಾದ ಜಾಗ; ಇದರ ರೂಟ್ ಆ ಸಾಮಾನ್ಯ ಫೋಲ್ಡರ್. ಇನ್ನೊಂದು, ಉಳಿದದ್ದೆಲ್ಲ, ಅದು ಕೇಳಿದ ಹೆಸರಿನದೇ ಎಚ್‌ಟಿಟಿಪಿಎಸ್ ವಿಳಾಸಕ್ಕೆ 301 ರೀಡೈರೆಕ್ಟ್. ಹೊಸ ಡೊಮೇನ್ ಬಂದಾಗ ಈ ಬ್ಲಾಕನ್ನು ಮುಟ್ಟಬೇಕಾಗಿಯೇ ಇಲ್ಲ. ಡಿಎನ್‌ಎಸ್ ಇತ್ತ ತಿರುಗಿದರೆ ಸಾಕು, ಪರೀಕ್ಷೆಗೆ ಸಿದ್ಧ.

ಇಲ್ಲಿ ಎಡವುವ ಜಾಗಗಳು ಮೂರು. ರೀಡೈರೆಕ್ಟ್ ಸಾಲನ್ನು ಲೊಕೇಶನ್ ಒಳಗೆ ಬರೆಯದೆ ನೇರ ಸರ್ವರ್ ಮಟ್ಟದಲ್ಲಿ ಬರೆದರೆ, ಲೊಕೇಶನ್ ಆಯ್ಕೆಗೂ ಮೊದಲೇ ಅದು ಓಡಿಬಿಡುತ್ತದೆ. ಪರೀಕ್ಷೆಯ ವಿನಂತಿಯೂ 443ಕ್ಕೆ ಹೋಗಿ, ಅಲ್ಲಿರುವ ಅಪ್ಲಿಕೇಶನ್ ಕೈಗೆ ಸಿಕ್ಕಿ 404 ಆಗುತ್ತದೆ. ರೂಟ್ ಬರೆಯುವಲ್ಲಿ ಅಲಿಯಾಸ್ ಬರೆದರೂ 404. ರೂಟ್ ಎಂದರೆ ವಿಳಾಸದ ಪೂರ್ತಿ ದಾರಿಯನ್ನು ಫೋಲ್ಡರಿಗೆ ಜೋಡಿಸುತ್ತದೆ, ಸರ್ಟ್‌ಬಾಟ್ ಫೈಲ್ ಇಡುವುದೂ ಹಾಗೇ. ಇನ್ನು, ಚುಕ್ಕಿಯಿಂದ ಶುರುವಾಗುವ ಫೈಲುಗಳನ್ನೆಲ್ಲ ತಡೆಯುವ ರೆಜೆಕ್ಸ್ (ಅಕ್ಷರಗಳ ಮಾದರಿ ಹೊಂದಿಸಿ ನೋಡುವ) ನಿಯಮ ಅನೇಕರ ಕಾನ್ಫಿಗ್‌ನಲ್ಲಿ ಇರುತ್ತದೆ, ಡಾಟ್-ವೆಲ್‌ನೋನ್ ಕೂಡ ಅದಕ್ಕೆ ಬಲಿಯಾಗಿ 403 ಬರುತ್ತದೆ. ಲೊಕೇಶನ್ ಪದದ ನಂತರ ^~ ಹಾಕಿದರೆ ಎಂಜಿನ್‌ಎಕ್ಸ್ ಆ ದಾರಿಗೆ ರೆಜೆಕ್ಸ್ ನಿಯಮಗಳನ್ನು ನೋಡುವುದಿಲ್ಲ. ಸಾಮಾನ್ಯ ಫೋಲ್ಡರಿನೊಳಗಿನ ಆಕ್ಮಿ-ಚಾಲೆಂಜ್ ದಾರಿಯಲ್ಲಿ ಒಂದು ಪಠ್ಯ ಫೈಲ್ ಇಟ್ಟು, ಮೊಬೈಲ್ ಡೇಟಾದಲ್ಲಿ ಪ್ರತಿ ಡೊಮೇನಿನಿಂದಲೂ ಅದನ್ನು ತೆರೆದು ನೋಡಿ. ಎಲ್ಲಿ ತೆರೆಯುವುದಿಲ್ಲವೋ ಅಲ್ಲಿ ಪೋರ್ಟ್ 80ಕ್ಕೇ ಇನ್ನೊಂದು ಹಳೆಯ ಬ್ಲಾಕ್ ಆ ಹೆಸರನ್ನು ಹಿಡಿದುಕೊಂಡಿರುತ್ತದೆ.

ಸರ್ಟ್‌ಬಾಟ್ ಅನ್ನು ಸ್ನ್ಯಾಪ್‌ನಿಂದ ಹಾಕುವುದಾದರೆ, ತಂತ್ರಾಂಶ ಹಾಕುವ ಇನ್ನೊಂದು ದಾರಿಯಾದ ಆಪ್ಟ್‌ನಿಂದ ಮೊದಲೇ ಬಂದಿರುವುದನ್ನು ತೆಗೆಯಿರಿ. ಎರಡೂ ಇದ್ದರೆ ರಿನ್ಯೂ ಮಾಡಿಸುವ ಎರಡು ಟೈಮರ್‌ಗಳು ಒಂದೇ ಫೋಲ್ಡರ್ ಮೇಲೆ ಕೆಲಸ ಮಾಡುತ್ತವೆ, ಯಾವ ಆವೃತ್ತಿ ಏನು ಮಾಡಿತು ಎಂಬುದೇ ತಿಳಿಯದು.

ಆಮೇಲೆ, ಕಾನ್ಫಿಗ್ ಮುಟ್ಟದೆ ಸರ್ಟಿಫಿಕೇಟ್ ಮಾತ್ರ ತರುವ ಸರ್ಟ್‌ಓನ್ಲಿ ಆಜ್ಞೆ: ವೆಬ್‌ರೂಟ್ ಆಯ್ಕೆ, ಫೋಲ್ಡರಿನ ದಾರಿ, ಡ್ಯಾಶ್-ಡಿ ಹಾಕಿ ಒಂದೊಂದೇ ಹೆಸರು. ಮೊದಲ ಸಲ ಡ್ರೈ-ರನ್ (ಬರೀ ತಾಲೀಮು) ಸೇರಿಸಿಯೇ ಓಡಿಸುತ್ತೇನೆ. ಅದು ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ಟೇಜಿಂಗ್ (ಪ್ರಯೋಗದ) ಸರ್ವರ್ ಜೊತೆ ಮಾತಾಡುವುದರಿಂದ ನಿಜವಾದ ಮಿತಿಗೆ ಧಕ್ಕೆಯಿಲ್ಲ. ಆ ಮಿತಿಗಳು ಬಿಗಿಯಾಗಿವೆ: ಒಂದು ಖಾತೆಯಿಂದ ಒಂದು ಹೆಸರಿಗೆ ಗಂಟೆಗೆ 5 ವಿಫಲ ಪರೀಕ್ಷೆ, ಅದೇ ಹೆಸರುಗಳ ಗುಂಪಿಗೆ 7 ದಿನದಲ್ಲಿ 5 ಸರ್ಟಿಫಿಕೇಟ್, ಒಂದು ನೋಂದಾಯಿತ ಡೊಮೇನಿಗೆ 7 ದಿನದಲ್ಲಿ 50. ಆಗಲಿಲ್ಲವೆಂದು ಸಿಟ್ಟಿನಲ್ಲಿ ಅದೇ ಆಜ್ಞೆಯನ್ನು ಮತ್ತೆಮತ್ತೆ ಒತ್ತಿದರೆ ಬಾಗಿಲು ಮುಚ್ಚುತ್ತದೆ.

ಸರ್ಟಿಫಿಕೇಟಿಗೆ ಒಂದು ಹೆಸರಿಡುವ ಸರ್ಟ್-ನೇಮ್ ಆಯ್ಕೆಯನ್ನು ಎಂದೂ ಬಿಡುವುದಿಲ್ಲ. ಅದಿಲ್ಲದೆ ಹೆಸರುಗಳ ಪಟ್ಟಿ ಬದಲಿಸಿ ಓಡಿಸಿದರೆ, ಕೊನೆಯಲ್ಲಿ 0001 ಅಂಟಿಕೊಂಡ ಹೊಸ ಫೋಲ್ಡರ್ ಹುಟ್ಟಬಹುದು. ಎಂಜಿನ್‌ಎಕ್ಸ್ ಮಾತ್ರ ಹಳೆಯ ಫೋಲ್ಡರನ್ನೇ ನೋಡುತ್ತಿರುತ್ತದೆ. ಹೊಸ ಹೆಸರು ಸೇರಿಸಿದರೂ ಬ್ರೌಸರ್ ಒಪ್ಪುತ್ತಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಸರ್ಟ್-ನೇಮ್ ಕೊಟ್ಟಾಗ ಗಮನಿಸಬೇಕಾದ್ದು: ನೀವು ಕೊಟ್ಟ ಪಟ್ಟಿಯೇ ಪೂರ್ಣ ಪಟ್ಟಿ. ಹೊಸ ಉಪಡೊಮೇನ್ ಸೇರಿಸುವಾಗ ಹಳೆಯವನ್ನೂ ಬರೆಯದಿದ್ದರೆ ಅವು ಹೊರಗುಳಿಯುತ್ತವೆ.

ಸರ್ಟಿಫಿಕೇಟ್ ಬಂದ ಮೇಲಷ್ಟೇ 443ರ ಬ್ಲಾಕ್ ಬರೆಯುವುದು. ಇಲ್ಲದ ಫೈಲನ್ನು ತೋರಿಸಿದರೆ ಎಂಜಿನ್‌ಎಕ್ಸ್ ಏಳುವುದೇ ಇಲ್ಲ, ಒಂದು ಡೊಮೇನಿಗಾಗಿ ಎಲ್ಲವೂ ಮಲಗುತ್ತವೆ. ಸರ್ಟ್‌ಬಾಟ್‌ನ ಲೈವ್ ಫೋಲ್ಡರಿನಲ್ಲಿ ಪ್ರತಿ ಸರ್ಟಿಫಿಕೇಟಿಗೂ ನಾಲ್ಕು ಪೆಮ್ ಫೈಲುಗಳಿರುತ್ತವೆ. ಎಂಜಿನ್‌ಎಕ್ಸ್‌ಗೆ ಬೇಕಾದವು ಫುಲ್‌ಚೈನ್ ಮತ್ತು ಪ್ರೈವ್‌ಕೀ. ಸರ್ಟ್ ಎಂಬ ಫೈಲ್ ಹೆಸರು ನೋಡಿ ಮರುಳಾಗಬೇಡಿ, ನಮ್ಮ ಸರ್ಟಿಫಿಕೇಟನ್ನು ಬ್ರೌಸರ್ ನಂಬುವ ಮೂಲ ಸರ್ಟಿಫಿಕೇಟಿಗೆ ಜೋಡಿಸುವ ನಡುವಿನ ಸರ್ಟಿಫಿಕೇಟ್ ಅದರಲ್ಲಿ ಇರುವುದಿಲ್ಲ. ಡೆಸ್ಕ್‌ಟಾಪ್ ಕ್ರೋಮ್ ಆ ಕೊರತೆಯನ್ನು ತಾನೇ ತುಂಬಿಕೊಳ್ಳುವುದರಿಂದ ತಪ್ಪು ಗೊತ್ತೇ ಆಗದು. ಆಂಡ್ರಾಯ್ಡ್ ಆ್ಯಪ್, ಕರ್ಲ್, ಯುಪಿಐ ಹಣ ಬಂದ ಸುದ್ದಿ ತರುವ ಪೇಮೆಂಟ್ ಗೇಟ್‌ವೇಯ ವೆಬ್‌ಹುಕ್ ಮುಂತಾದವು ಹಾಗೆ ಮಾಡುವುದಿಲ್ಲ. ಗಿರಾಕಿ ದುಡ್ಡು ಕಟ್ಟಿದ್ದಾನೆ, ಅಂಗಡಿಯಲ್ಲಿ ಆರ್ಡರ್ ಬಾಕಿ ಎಂದೇ ತೋರಿಸುತ್ತಿದೆ ಎಂದರೆ ನಾನು ಮೊದಲು ನೋಡುವುದು ಈ ಸಾಲನ್ನೇ.

ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ ಪದ್ಧತಿ) ಆವೃತ್ತಿ 1.2 ಮತ್ತು 1.3 ಎಂಬ ಸಾಲನ್ನು ಪ್ರತಿ ಬ್ಲಾಕಿನಲ್ಲೂ ಬರೆಯದೆ ಎಚ್‌ಟಿಟಿಪಿ ಮಟ್ಟದಲ್ಲಿ ಒಮ್ಮೆ ಬರೆಯಿರಿ. ಒಂದೇ ಐಪಿ ಮತ್ತು ಪೋರ್ಟ್ ಹಂಚಿಕೊಂಡ ಬ್ಲಾಕುಗಳಲ್ಲಿ ಬೇರೆಬೇರೆ ಬರೆದರೆ, ಡಿಫಾಲ್ಟ್ ಬ್ಲಾಕಿನದು ಎಲ್ಲದಕ್ಕೂ ಅನ್ವಯವಾಗಿ ಗೊಂದಲವಾಗಬಹುದು.

443ಕ್ಕೂ ಒಂದು ಡಿಫಾಲ್ಟ್ ಬ್ಲಾಕ್ ಬೇಕೇ ಬೇಕು. ಇಲ್ಲದಿದ್ದರೆ ಹೊಂದಾಣಿಕೆ ಸಿಗದ ಹೆಸರಿಗೆ ಎಂಜಿನ್‌ಎಕ್ಸ್ ಮೊದಲು ಓದಿದ ಬ್ಲಾಕಿನ ಸರ್ಟಿಫಿಕೇಟ್ ಕೊಡುತ್ತದೆ. ಉಬುಂಟುವಿನಲ್ಲಿ ಫೈಲುಗಳು ಅಕ್ಷರ ಕ್ರಮದಲ್ಲಿ ಓದಲ್ಪಡುತ್ತವೆ, ಹಾಗಾಗಿ ವರ್ಣಮಾಲೆಯಲ್ಲಿ ಮೊದಲು ಬರುವ ಗಿರಾಕಿಯ ಸರ್ಟಿಫಿಕೇಟ್ ಎಲ್ಲರ ಮುಖಕ್ಕೂ ರಾಚುತ್ತದೆ. ಡಿಫಾಲ್ಟ್ ಬ್ಲಾಕಿನಲ್ಲಿ ಎಸ್‌ಎಸ್‌ಎಲ್-ರಿಜೆಕ್ಟ್-ಹ್ಯಾಂಡ್‌ಶೇಕ್ ಆನ್ ಎಂದು ಬರೆದರೆ ಸಂಪರ್ಕವೇ ಮುರಿಯುತ್ತದೆ, ಸರ್ಟಿಫಿಕೇಟೂ ಬೇಡ. ಇದು ಎಂಜಿನ್‌ಎಕ್ಸ್ 1.19.4ರಿಂದ ಬಂದದ್ದು. ಉಬುಂಟು 24.04ರಲ್ಲಿರುವ 1.24ರಲ್ಲಿ ನಡೆಯುತ್ತದೆ, 22.04ರ 1.18ರಲ್ಲಿ ಇಲ್ಲ. ಅಲ್ಲಿ ಸ್ವಂತ ಸಹಿಯ ಸರ್ಟಿಫಿಕೇಟ್ ಒಂದನ್ನು ಹಾಕಿ 444 (ಉತ್ತರಿಸದೆ ಸಂಪರ್ಕ ಮುಚ್ಚುವ ಎಂಜಿನ್‌ಎಕ್ಸ್ ಸಂಕೇತ) ಹಿಂದಿರುಗಿಸಿದರೆ ಆಯಿತು. ಐಪಿವಿ6 ಲಿಸನ್ ಸಾಲಿಗೂ ಡಿಫಾಲ್ಟ್ ಗುರುತು ಬೇಕು, ಅದು ಐಪಿವಿ4ರಿಂದ ತಾನಾಗಿ ಬರುವುದಿಲ್ಲ.

ಉಪಡೊಮೇನ್‌ಗಳು ದಿನಕ್ಕೊಂದು ಹುಟ್ಟುವ ಕಡೆ ಮಾತ್ರ ವೈಲ್ಡ್‌ಕಾರ್ಡ್, ಅಂದರೆ ಉಪಡೊಮೇನಿನ ಜಾಗದಲ್ಲಿ ನಕ್ಷತ್ರ (*) ಇರುವ ಸರ್ಟಿಫಿಕೇಟ್ ತರುತ್ತೇನೆ. ನಕ್ಷತ್ರ ಚಿಹ್ನೆ ಒಂದು ಹಂತವನ್ನಷ್ಟೇ ಒಳಗೊಳ್ಳುತ್ತದೆ. ಬರಿ ಡೊಮೇನ್ ಅದರಲ್ಲಿ ಸೇರದು, ಎರಡು ಹಂತದ ಉಪಡೊಮೇನೂ ಸೇರದು. ಹಾಗಾಗಿ ಬರಿ ಡೊಮೇನ್ ಮತ್ತು ನಕ್ಷತ್ರದ ರೂಪ, ಎರಡೂ ಹೆಸರನ್ನು ಒಟ್ಟಿಗೆ ಕೇಳಬೇಕು. ಇದಕ್ಕೆ ಡಿಎನ್‌ಎಸ್ ಪರೀಕ್ಷೆಯೊಂದೇ ದಾರಿ: ಅಂಡರ್‌ಸ್ಕೋರ್-ಆಕ್ಮಿ-ಚಾಲೆಂಜ್ ಎಂಬ ಹೆಸರಿನಲ್ಲಿ ಟಿಎಕ್ಸ್‌ಟಿ ದಾಖಲೆ. ಎರಡು ಹೆಸರಿಗೂ ದಾಖಲೆಯ ಹೆಸರು ಒಂದೇ, ಒಳಗಿನ ಪಠ್ಯ ಬೇರೆ. ಎರಡನೆಯದನ್ನು ಹಾಕುವಾಗ ಮೊದಲನೆಯದನ್ನು ಅಳಿಸಬಾರದು, ಎರಡೂ ಒಟ್ಟಿಗಿರಬೇಕು. ಮ್ಯಾನುಯಲ್ ವಿಧಾನದಲ್ಲಿ ತಂದದ್ದು ತಾನಾಗಿ ರಿನ್ಯೂ ಆಗುವುದಿಲ್ಲ, ಡಿಎನ್‌ಎಸ್ ಕಂಪನಿಯ ಎಪಿಐ ಟೋಕನ್ (ದಾಖಲೆಗಳನ್ನು ತಂತ್ರಾಂಶವೇ ಬದಲಿಸಲು ಬಿಡುವ ಕೀಲಿ) ಇರುವ ಪ್ಲಗಿನ್ ಬೇಕು. ಟೋಕನ್‌ಗೆ ಆ ಒಂದು ಡೊಮೇನಿನ ಅಧಿಕಾರ ಮಾತ್ರ ಕೊಟ್ಟು, ಅದಿರುವ ಫೈಲಿಗೆ 600 ಅನುಮತಿ (ಮಾಲೀಕ ಮಾತ್ರ ಓದಿ ಬರೆಯಬಲ್ಲ) ಹಾಕಿ. ಡಿಎನ್‌ಎಸ್ ಕೀಲಿ ಕೊಡಲು ಒಪ್ಪದ ಗಿರಾಕಿಗೆ ಒಂದೇ ಒಂದು ಸಿನೇಮ್ ದಾಖಲೆ ಹಾಕಲು ಹೇಳಿ: ಆ ಚಾಲೆಂಜ್ ಹೆಸರು ನಿಮ್ಮ ಕೈಯಲ್ಲಿರುವ ಡೊಮೇನಿಗೆ ತೋರಿಸಲಿ. ಟಿಎಕ್ಸ್‌ಟಿ ದಾಖಲೆಯನ್ನು ನಿಮ್ಮ ಕಡೆಯೇ ಬದಲಿಸಿಕೊಳ್ಳಬಹುದು. ಪ್ಲಗಿನ್‌ಗೆ ಸಿನೇಮ್ ಹಿಂಬಾಲಿಸುವುದು ಬರುತ್ತದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಕನ್ನಡ ಲಿಪಿಯ ಡೊಮೇನ್, ಅಂದರೆ ಕೊನೆಯಲ್ಲಿ ಡಾಟ್ ಭಾರತ ಇರುವುದು ಬಂದರೆ ಸರ್ಟ್‌ಬಾಟ್‌ಗೆ ಕನ್ನಡದಲ್ಲಿ ಬರೆದುಕೊಡುವಂತಿಲ್ಲ, xn-- ಎಂದು ಶುರುವಾಗುವ, ಇಂಗ್ಲಿಷ್ ಅಕ್ಷರಗಳ ಪ್ಯೂನಿಕೋಡ್ ರೂಪವನ್ನೇ ಕೇಳುತ್ತದೆ. ಬ್ರೌಸರ್ ಕಳಿಸುವುದೂ ಅದನ್ನೇ, ಆದ್ದರಿಂದ ಎಂಜಿನ್‌ಎಕ್ಸ್‌ನ ಸರ್ವರ್-ನೇಮ್‌ನಲ್ಲೂ ಅದೇ ಇರಬೇಕು. ಪರಿವರ್ತನೆಯನ್ನು ನೀವೇ ಮಾಡಲು ಹೋಗದೆ ರಿಜಿಸ್ಟ್ರಾರ್ ಫಲಕದಿಂದ ನಕಲು ಮಾಡಿಕೊಳ್ಳಿ. ಅರ್ಧಾಕ್ಷರವನ್ನು ಬಿಡಿಯಾಗಿ ತೋರಿಸಲು ನಮ್ಮ ಕೀಬೋರ್ಡುಗಳು ಹಾಕುವ ಕಣ್ಣಿಗೆ ಕಾಣದ ಅಕ್ಷರವನ್ನು, ಇಂಥ ಡೊಮೇನ್‌ಗಳ ಮಾನದಂಡವಾದ ಐಡಿಎನ್‌ಎಯ 2003ರ ನಿಯಮ ತೆಗೆದುಹಾಕುತ್ತದೆ, 2008ರ ನಿಯಮ ಉಳಿಸಿಕೊಳ್ಳುತ್ತದೆ. ಕಣ್ಣಿಗೆ ಒಂದೇ ಆದ ಹೆಸರಿಗೆ ಎರಡು ಉಪಕರಣಗಳು ಎರಡು ಪ್ಯೂನಿಕೋಡ್ ಕೊಟ್ಟರೆ ಕಾರಣ ಅದು.

ಇನ್ನು ರಿನ್ಯೂ. ಟೈಮರ್ ದಿನಕ್ಕೆರಡು ಸಲ ಓಡುತ್ತದೆ, 90 ದಿನದ ಸರ್ಟಿಫಿಕೇಟಿಗೆ 30 ದಿನ ಉಳಿದಾಗ ಹೊಸದನ್ನು ತರುತ್ತದೆ. ಆದರೆ ಎಂಜಿನ್‌ಎಕ್ಸ್ ಹಳೆಯದನ್ನು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ಡಿಸ್ಕಿನಲ್ಲಿ ಹೊಸದಿದೆ, ಬ್ರೌಸರ್ ಅವಧಿ ಮುಗಿದಿದೆ ಎನ್ನುತ್ತಿದೆ ಎಂದರೆ ರೀಲೋಡ್ ಆಗಿಲ್ಲವೆಂದೇ ಅರ್ಥ. ರಿನ್ಯೂ ಆದ ಮೇಲೆ ಸರ್ಟ್‌ಬಾಟ್ ತಾನೇ ಓಡಿಸುವ ಸ್ಕ್ರಿಪ್ಟುಗಳ ಜಾಗವಾದ, ರಿನ್ಯೂವಲ್-ಹುಕ್ಸ್ ಒಳಗಿನ ಡಿಪ್ಲಾಯ್ ಫೋಲ್ಡರಿನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಇಡುತ್ತೇನೆ: ಮೊದಲು ಕಾನ್ಫಿಗ್ ಪರೀಕ್ಷೆ, ಅದು ಸರಿಯಿದ್ದರೆ ರೀಲೋಡ್. ರೀಸ್ಟಾರ್ಟ್ ಬೇಡ. ಸ್ಕ್ರಿಪ್ಟಿಗೆ ಎಕ್ಸಿಕ್ಯೂಟ್ ಅನುಮತಿ ಕೊಡದಿದ್ದರೆ ಸರ್ಟ್‌ಬಾಟ್ ಅದನ್ನು ಕಡೆಗಣಿಸುತ್ತದೆ. ಯಾರೋ ಅರ್ಧ ತಿದ್ದಿಬಿಟ್ಟ ಕಾನ್ಫಿಗ್ ಇದ್ದರೂ ರೀಲೋಡ್ ಆಗದು.

ಅವಧಿ ಮುಗಿಯುವ ಮುನ್ನ ಬರುತ್ತಿದ್ದ ಎಚ್ಚರಿಕೆಯ ಮೇಲ್‌ಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿತು. ಹಾಗಾಗಿ ಬೇರೊಂದು ಯಂತ್ರದಿಂದ ದಿನಕ್ಕೊಮ್ಮೆ ಪ್ರತಿ ಡೊಮೇನಿಗೂ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಓಡಿಸಿ, ಅದು ತಂದುಕೊಟ್ಟ ಸರ್ಟಿಫಿಕೇಟ್ ಅಷ್ಟರೊಳಗೆ ಮುಗಿಯುತ್ತದೆಯೇ ಎಂದು ಚೆಕ್‌ಎಂಡ್ 1209600 ಆಯ್ಕೆಯಿಂದ ಪರೀಕ್ಷಿಸುತ್ತೇನೆ. ಅದು ಸೆಕೆಂಡುಗಳಲ್ಲಿ 14 ದಿನ. ಡಿಸ್ಕಿನ ಫೈಲನ್ನು ನೋಡಿ ಪ್ರಯೋಜನವಿಲ್ಲ, ಹೊರಗಿನವರಿಗೆ ಏನು ಸಿಗುತ್ತದೆಂದು ನೋಡಬೇಕು. ಸರ್ವರ್‌ನೇಮ್ ಆಯ್ಕೆ ಮರೆಯಬೇಡಿ, ಐಪಿ ಕೊಟ್ಟು ನೋಡಿದರೆ ಡಿಫಾಲ್ಟ್ ಬ್ಲಾಕಿನ ಉತ್ತರವೇ ಬರುತ್ತದೆ. ಇದನ್ನೆಲ್ಲ ಸ್ವಯಂಚಾಲಿತ ಮಾಡದೆ ಕೈಯಿಂದ ಸರ್ಟಿಫಿಕೇಟ್ ಕೊಂಡು ಹಾಕುತ್ತಿರುವವರ ಕೆಲಸವೂ ಹೆಚ್ಚುತ್ತಿದೆ. ಸರ್ಟಿಫಿಕೇಟ್ ಕೊಡುವವರು ಮತ್ತು ಬ್ರೌಸರ್ ತಯಾರಕರ ಒಕ್ಕೂಟವಾದ ಸಿಎ/ಬ್ರೌಸರ್ ಫೋರಂನ ತೀರ್ಮಾನದಂತೆ ಯಾವ ಕಂಪನಿಯ ಸರ್ಟಿಫಿಕೇಟ್ ಆದರೂ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47.

ಗಿರಾಕಿ ಬಿಟ್ಟುಹೋದಾಗ ಮೊದಲು ಎಂಜಿನ್‌ಎಕ್ಸ್ ಬ್ಲಾಕ್ ತೆಗೆದು ರೀಲೋಡ್ ಮಾಡಿ, ಆಮೇಲೆ ಸರ್ಟ್‌ಬಾಟ್‌ನ ಡಿಲೀಟ್ ಆಜ್ಞೆ. ಕ್ರಮ ತಿರುಗಿಸಿದರೆ ಮುಂದಿನ ರೀಲೋಡ್ ಕೈಕೊಡುತ್ತದೆ. ಸರ್ವರ್ ಬದಲಿಸುವಾಗ ಲೆಟ್ಸ್‌ಎನ್‌ಕ್ರಿಪ್ಟ್ ಫೋಲ್ಡರನ್ನು ಟಾರ್ ಮಾಡಿ ಅಥವಾ ಆರ್‌ಸಿಂಕ್‌ನ ಡ್ಯಾಶ್-ಎ ಆಯ್ಕೆಯಲ್ಲಿ ಒಯ್ಯಿರಿ. ಲೈವ್‌ನಲ್ಲಿರುವವು ಆರ್ಕೈವ್‌ನತ್ತ ತೋರಿಸುವ ಸಿಮ್‌ಲಿಂಕ್‌ಗಳು. ಫೈಲ್ ನಕಲಿಸುವ ಎಸ್‌ಸಿಪಿ ಆಜ್ಞೆ ಅವನ್ನು ನಿಜವಾದ ಫೈಲುಗಳಾಗಿ ಮಾಡಿಬಿಡುತ್ತದೆ. ಜಾಲತಾಣ ನಡೆಯುತ್ತಲೇ ಇರುತ್ತದೆ, ಮೊದಲ ರಿನ್ಯೂ ಹೊತ್ತಿಗೆ ಸರ್ಟ್‌ಬಾಟ್ ಸಿಮ್‌ಲಿಂಕ್ ಇಲ್ಲವೆಂದು ಕೈಚೆಲ್ಲುತ್ತದೆ. ಹೊಸ ಯಂತ್ರಕ್ಕೆ ಡಿಎನ್‌ಎಸ್ ತಿರುಗಿಸಿದ ಕೂಡಲೇ ರಿನ್ಯೂ ಆಜ್ಞೆಗೆ ಡ್ರೈ-ರನ್ ಸೇರಿಸಿ ಓಡಿಸಿದರೆ ಅದು ಅಂದೇ ಗೊತ್ತಾಗುತ್ತದೆ.