ಅವ್ವನ ಬಿಪಿ ಮಷಿನ್ ಸೆಲ್‌ಗೆ ಚಾರ್ಜರ್ ಹುಡುಕಿದ್ದು

ಅವ್ವ ದಿನಾ ಬೆಳಿಗ್ಗೆ ಚಹಾಕ್ಕೆ ಮುಂಚೆ ಬಿಪಿ ನೋಡಿಕೊಳ್ಳುತ್ತಾಳೆ. ಆ ಮಷಿನ್‌ಗೆ ನಾಲ್ಕು ಪೆನ್ಸಿಲ್ ಸೆಲ್ ಬೇಕು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ತೋಳಿನ ಪಟ್ಟಿ ಅರ್ಧ ಗಾಳಿ ತುಂಬಿಕೊಂಡು ಅಲ್ಲೇ ನಿಂತುಬಿಟ್ಟಿತು. ‘ನಿನ್ನೆ ರಾತ್ರಿನ ಚಾರ್ಜ್ ಮಾಡಿ ಹಾಕಿದ್ದೆಲ್ಲಪ್ಪ, ಮತ್ತ ಬಂದ್ ಆತು ನೋಡು’ ಅಂದಳು.

ಅವಳು ಹೇಳಿದ್ದು ನಿಜ. ಇಡೀ ರಾತ್ರಿ ಚಾರ್ಜ್ ಮಾಡಿದ್ದ ಸೆಲ್‌ಗಳೇ ಅವು. ವರ್ಷಕ್ಕೊಮ್ಮೆ ಹೊಸ ರೀಚಾರ್ಜ್ ಸೆಲ್ ತರುವುದು, ಆರು ತಿಂಗಳಿಗೆ ಅವು ಸೋಲುವುದು ನಮ್ಮ ಮನೆಯಲ್ಲಿ ಮಾಮೂಲಾಗಿತ್ತು. ತಪ್ಪು ಸೆಲ್ ಕಂಪನಿಯದು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವುಗಳ ಆಯಸ್ಸು ತಿನ್ನುತ್ತಿದ್ದದ್ದು ನನ್ನ ಚಾರ್ಜರ್.

ಸೆಲ್ ಜೊತೆಗೇ ಬಂದಿದ್ದ ಸಾದಾ ಚಾರ್ಜರ್ ಅದು. ಎರಡೆರಡು ಜೋಡಿಯಾಗಿ ಹಾಕಬೇಕು. ಕೆಂಪು ದೀಪ ಹತ್ತುತ್ತದೆ, ಹತ್ತಿಯೇ ಇರುತ್ತದೆ. ತುಂಬಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ರಾತ್ರಿ ಊಟ ಆದ ಮೇಲೆ ಹಾಕಿದರೆ ಮಾರನೇ ದಿನ ನೆನಪಾದಾಗ ತೆಗೆಯುತ್ತಿದ್ದೆ. ಪೂರ್ತಿ ಖಾಲಿಯಾದ ಸೆಲ್‌ಗೂ ಅಷ್ಟೇ ಹೊತ್ತು, ಅರ್ಧ ಉಳಿದಿದ್ದ ಸೆಲ್‌ಗೂ ಅಷ್ಟೇ ಹೊತ್ತು. ತೆಗೆಯುವಾಗ ಕೈಗೆ ಬಿಸಿ ತಾಗುತ್ತಿತ್ತು. ಚೆನ್ನಾಗಿ ಚಾರ್ಜ್ ಆಗಿದೆ ಅಂತ ನಂಬಿದ್ದೆ.

ಅಸಲಿಗೆ ಆ ಬಿಸಿಯೇ ಕೆಟ್ಟದ್ದು. ಮನೆಯಲ್ಲಿ ಬಳಸುವ ರೀಚಾರ್ಜ್ ಪೆನ್ಸಿಲ್ ಸೆಲ್‌ಗಳು ಹೆಚ್ಚಾಗಿ ನಿಕಲ್ ಮೆಟಲ್ ಹೈಡ್ರೈಡ್ ಜಾತಿಯವು. ತುಂಬಿದ ಕೊಡಕ್ಕೆ ನಲ್ಲಿ ಬಿಟ್ಟಂತೆಯೇ ಇಲ್ಲೂ. ಸೆಲ್ ತುಂಬಿದ ಮೇಲೂ ಕರೆಂಟ್ ಕೊಡುತ್ತಾ ಹೋದರೆ ಅದೆಲ್ಲ ಶಾಖವಾಗುತ್ತದೆ. ಒಳಗಿನ ದ್ರಾವಣ ಒಣಗುತ್ತಾ ಬರುತ್ತದೆ. ತುಂಬಿದ ಹೊತ್ತಿಗೆ ಸೆಲ್ ಒಂದು ಗುರುತು ಕೊಡುತ್ತದೆ: ಅಲ್ಲಿಯವರೆಗೆ ಏರುತ್ತಾ ಬಂದ ವೋಲ್ಟೇಜ್ ಕೆಲವೇ ಮಿಲಿವೋಲ್ಟ್‌ನಷ್ಟು ಕೆಳಗಿಳಿಯುತ್ತದೆ. ಸ್ಮಾರ್ಟ್ ಚಾರ್ಜರ್ ಆ ಇಳಿತವನ್ನೇ ಕಾಯುತ್ತಾ ಕೂತಿರುತ್ತದೆ. ಕಂಡ ಕೂಡಲೇ ನಲ್ಲಿ ಬಂದ್.

ನಮ್ಮ ರಾಯಚೂರಿನ ತೀನ್ ಕಂದಿಲ್ ಕಡೆಯ ಅಂಗಡಿಗಳಲ್ಲಿ ವಿಚಾರಿಸಿದೆ. ಎಲ್ಲ ಕಡೆ ಸಾದಾ ಚಾರ್ಜರ್‌ಗಳೇ ಇದ್ದವು. ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದೆ. ನಾನು ಪಟ್ಟು ಹಿಡಿದಿದ್ದು ಮೂರೇ ವಿಷಯಕ್ಕೆ. ನಾಲ್ಕು ಸೆಲ್‌ಗೆ ನಾಲ್ಕು ಬೇರೆ ಬೇರೆ ಮನೆ ಇರಬೇಕು, ಜೋಡಿ ಲೆಕ್ಕ ಬೇಡ. ಬಿಸಿ ಜಾಸ್ತಿಯಾದರೆ ತಾನೇ ನಿಲ್ಲಬೇಕು. ಸೆಲ್ ಖಾಲಿ ಮಾಡಿ ಎಷ್ಟು ಹಿಡಿಯುತ್ತದೆ ಅಂತ ಅಳೆದು ತೋರಿಸಬೇಕು. ಗಂಟೆಯೊಳಗೆ ತುಂಬಿಸುತ್ತೇನೆ ಅನ್ನುವ ಚಾರ್ಜರ್‌ಗಳ ಕಡೆ ನೋಡಲಿಲ್ಲ. ರಾಯಚೂರಿನಲ್ಲಿ ಸೆಲ್‌ಗೆ ಇನ್ನೂ ಬಿಸಿ ಕೊಡುವುದು ಯಾಕೆ?

ಬಂದ ದಿನವೇ ಬಿಪಿ ಮಷಿನ್‌ನ ನಾಲ್ಕೂ ಸೆಲ್ ಅಳತೆಗೆ ಹಾಕಿದೆ. ಮೇಲೆ 2000 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಅಂತ ಬರೆದಿದ್ದ ಸೆಲ್‌ಗಳು. ಮಾರನೇ ದಿನ ಡಿಸ್‌ಪ್ಲೇ ನೋಡಿದರೆ 1610, 1580, 1640. ನಾಲ್ಕನೆಯದು 740! ಮೂರು ಗಟ್ಟಿ ಎತ್ತಿನ ಜೊತೆ ಒಂದು ಬಡಕಲು ಎತ್ತು ಕಟ್ಟಿದಂತಾಗಿತ್ತು. ನಾಲ್ಕೂ ಒಂದೇ ಸಾಲಿನಲ್ಲಿ ಕೆಲಸ ಮಾಡುವುದರಿಂದ ಒಂದು ಸೋತರೆ ಮಷಿನ್ ನಿಲ್ಲುತ್ತದೆ. ಅಷ್ಟೇ ಅಲ್ಲ, ಮೊದಲು ಖಾಲಿಯಾದ ಸೆಲ್ ಮೂಲಕವೂ ಉಳಿದವು ಕರೆಂಟ್ ನೂಕುತ್ತಾ ಹೋಗಬಹುದು, ಆಗ ಅದರ ಪ್ಲಸ್ ಮೈನಸ್ ಉಲ್ಟಾ ಆಗಿ ಅದು ಇನ್ನೂ ಹಾಳಾಗುತ್ತದೆ. ಸುಮ್ನೆ ನಾಲ್ಕನ್ನೂ ಎಸೆಯುತ್ತಿದ್ದೆನಲ್ಲ ಇಷ್ಟು ವರ್ಷ, ಅದರಲ್ಲಿ ಎಷ್ಟು ಒಳ್ಳೆಯ ಸೆಲ್ ಹೋಗಿವೆಯೋ ಅಂತ ಬಹಳ ಬೇಜಾರಾಯಿತು.

ಅವ್ವನ ಮಷಿನ್‌ಗೆ ನಾಲ್ಕು ಹೊಸ ಸೆಲ್ ತಂದೆ. ಇಟ್ಟಲ್ಲೇ ಚಾರ್ಜ್ ಬೇಗ ಇಳಿಯದ ಜಾತಿಯವು. ಈ ಬಗೆಯನ್ನು 2005ರಲ್ಲಿ ಸ್ಯಾನ್ಯೊ ಕಂಪನಿ ಎನಿಲೂಪ್ ಹೆಸರಿನಲ್ಲಿ ತಂದಿತು, ಈಗ ಬೇರೆಯವರೂ ಮಾಡುತ್ತಾರೆ. ದಿನಕ್ಕೆ ಒಂದು ನಿಮಿಷ ಓಡುವ ಬಿಪಿ ಮಷಿನ್‌ಗೆ ಇವೇ ಸರಿ. ಪೆನ್ಸಿಲ್ ಸೆಲ್ ಮೇಲೆ 3500, 4000 ಅಂತ ಬರೆದಿದ್ದರೆ ಮಾತ್ರ ನಂಬಬೇಡಿ. ಈ ಸೈಜಿನ ನಿಕಲ್ ಸೆಲ್‌ನಲ್ಲಿ ಅಷ್ಟು ಹಿಡಿಯುವುದೇ ಇಲ್ಲ.

ಚಾರ್ಜರ್ ಒಳ್ಳೆಯದು ಬಂತು ಅಂದ ಮೇಲೂ ನಾನು ಒಂದು ತಪ್ಪು ಮಾಡಿದೆ. ಅದು ಏಪ್ರಿಲ್. ನಿಧಾನವಾಗಿ ಚಾರ್ಜ್ ಮಾಡಿದರೆ ಸೆಲ್‌ಗೆ ಹಿತ ಅಂತ ಎಲ್ಲಕ್ಕಿಂತ ಕಡಿಮೆ, 200 ಮಿಲಿಆಂಪ್‌ಗೆ ಇಟ್ಟು ಕೆಲಸಕ್ಕೆ ಹೋದೆ. ರಾತ್ರಿ ಬಂದು ನೋಡಿದರೆ ಒಂದು ಸೆಲ್ ಇನ್ನೂ ಓಡುತ್ತಲೇ ಇದೆ. ಒಳಗೆ ಹೋದ ಚಾರ್ಜ್‌ನ ಎಣಿಕೆ 2600 ದಾಟಿತ್ತು. 2000ದ ಸೆಲ್ ಪೂರ್ತಿ ಖಾಲಿ ಇದ್ದರೂ 2200ರ ಆಸುಪಾಸು ನಿಲ್ಲಬೇಕಿತ್ತು. ಕಾರಣ ಹುಡುಕಿದೆ. ಕರೆಂಟ್ ತೀರಾ ಕಡಿಮೆ ಇದ್ದರೆ ತುಂಬಿದಾಗಿನ ಆ ಸಣ್ಣ ಇಳಿತ ಎದ್ದು ಕಾಣುವುದೇ ಇಲ್ಲ. ಚಾರ್ಜರ್ ಕಾಯುತ್ತಲೇ ಇರುತ್ತದೆ. ಆವತ್ತಿನಿಂದ ದೊಡ್ಡ ಪೆನ್ಸಿಲ್ ಸೆಲ್‌ಗೆ 700, ರಿಮೋಟ್‌ನ ಸಣ್ಣ ಸೆಲ್‌ಗೆ 300. ದೊಡ್ಡವು ಮೂರು ಗಂಟೆ ಚಿಲ್ಲರೆಗೆ ಮುಗಿಯುತ್ತವೆ, ಬೆಚ್ಚಗಾಗುತ್ತವೆ, ಆದರೆ ಕೈಯಲ್ಲಿ ಹಿಡಿದುಕೊಳ್ಳಬಹುದು.

ಬೇಸಿಗೆಯಲ್ಲಿ ಹೊತ್ತು ನೋಡಿ ಹಾಕಬೇಕು. ಮಧ್ಯಾಹ್ನ ಹೊರಗೆ 42 ಡಿಗ್ರಿ ಇರುವಾಗ ಒಳಗೂ ಕಾದ ಹಂಚಿನ ಹಾಗೇ ಇರುತ್ತದೆ. ಹಾಗಾಗಿ ನಾನು ಬೆಳಗಿನ ಐದಕ್ಕೆ, ನಡುಮನೆಯ ಪರಸಿ ಕಲ್ಲಿನ ನೆಲದ ಮೇಲೆ ಚಾರ್ಜರ್ ಇಡುತ್ತೇನೆ. ಆ ಹೊತ್ತಿಗೆ ಕಲ್ಲು ತಣ್ಣಗಿರುತ್ತದೆ. ಎರಡೇ ಸೆಲ್ ಇದ್ದರೆ ಒಂದನೇ ಮತ್ತು ನಾಲ್ಕನೇ ಮನೆಗೆ ಹಾಕುತ್ತೇನೆ, ನಡುವೆ ಗಾಳಿ ಆಡುತ್ತದೆ. ಎಂಟೂವರೆಯೊಳಗೆ ಕೆಲಸ ಮುಗಿದಿರುತ್ತದೆ.

ಕರೆಂಟ್ ಹೋದರೆ ಏನಾಗುತ್ತದೆ ಅನ್ನುವುದೂ ನೋಡಿಕೊಳ್ಳಿ. ನನ್ನ ಚಾರ್ಜರ್ ಕರೆಂಟ್ ಬಂದ ಮೇಲೆ ನಾನು ಇಟ್ಟ 700 ಮರೆತು ತನ್ನ ಮಾಮೂಲು ಲೆಕ್ಕಕ್ಕೆ ಹೋಗುತ್ತದೆ, ಎಣಿಕೆಯೂ ಸೊನ್ನೆಯಿಂದ. ಚಾರ್ಜ್ ಆಗುವುದಕ್ಕೆ ಅದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಅಳತೆ ನಡೆಯುತ್ತಿದ್ದರೆ ಇಡೀ ದಿನದ ಕೆಲಸ ನೀರಿಗೆ ಹೋದಂತೆ. ಅಳತೆ ಇದ್ದ ದಿನ ಇನ್ವರ್ಟರ್ ಪಾಯಿಂಟ್‌ಗೇ ಹಾಕುತ್ತೇನೆ.

ಗೋಡೆ ಗಡಿಯಾರಕ್ಕೆ ರೀಚಾರ್ಜ್ ಸೆಲ್ ಹಾಕುವುದು ಬೇಡ ಅಂತ ನನ್ನ ಅಭಿಪ್ರಾಯ. ಸಾದಾ ಸೆಲ್ ಒಂದು ವರ್ಷ ಬರುತ್ತದೆ. ಆ ಸಾದಾ ಸೆಲ್ ಖಾಲಿಯಾದ ಮೇಲೆ ಅಪ್ಪಿತಪ್ಪಿಯೂ ಚಾರ್ಜರ್‌ಗೆ ಹಾಕಬಾರದು, ಸೋರಬಹುದು, ಒಡೆಯಲೂಬಹುದು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಬಾಯಿಬಿಟ್ಟು ಹೇಳಿಕೊಡಿ. ಬಿಪಿ ಮಷಿನ್ ಜೊತೆ ಬಂದ ಪುಸ್ತಕದಲ್ಲಿ ರೀಚಾರ್ಜ್ ಸೆಲ್ ನಡೆಯುತ್ತದೋ ಇಲ್ಲವೋ ಅಂತಲೂ ಓದಿಕೊಳ್ಳಿ. ಸಾದಾ ಸೆಲ್ 1.5 ವೋಲ್ಟ್, ಇವು 1.2. ಕೆಲವು ಮಷಿನ್‌ಗಳು ಇದನ್ನೇ ನೋಡಿ ಸೆಲ್ ಮುಗಿಯಿತು ಅನ್ನುತ್ತವೆ. ನಮ್ಮದು ಅನ್ನಲಿಲ್ಲ.

ಈಗ ನಾಲ್ಕು ಸೆಲ್ ಮೇಲೂ ಮಾರ್ಕರ್‌ನಲ್ಲಿ ‘ಅವ್ವ’ ಅಂತ ಬರೆದು, ಕೊಂಡ ತಿಂಗಳು ಹಾಕಿದ್ದೇನೆ. ಅವು ಒಟ್ಟಿಗೇ ಹೋಗುತ್ತವೆ, ಒಟ್ಟಿಗೇ ಬರುತ್ತವೆ. ಟಾರ್ಚ್‌ಗೆ ಅಂತ ಯಾರೂ ಒಂದನ್ನು ಎತ್ತುವ ಹಾಗಿಲ್ಲ. ಹಳೆಯ ಮೂರು ಸೆಲ್‌ಗಳಲ್ಲಿ ಎರಡು ಟಾರ್ಚ್‌ಗೆ ಹೋದವು, ಇನ್ನೊಂದನ್ನು ಹಾಗೇ ಇಟ್ಟಿದ್ದೇನೆ. ಹೋದ ತಿಂಗಳು ಅವ್ವನ ಸೆಲ್‌ಗಳನ್ನು ಮತ್ತೆ ಅಳತೆಗೆ ಹಾಕಿದೆ. 1910, 1890, 1900, 1880. ನಾಲ್ಕನ್ನೂ ಒರೆಸಿ ಮಷಿನ್‌ಗೆ ವಾಪಸ್ ಹಾಕಿದೆ. ಅವ್ವ ತೋಳು ಚಾಚಿದಳು.