ಸಾಫ್ಟ್‌ವೇರ್ ಲೈಸೆನ್ಸ್ ತಕರಾರು: ಉತ್ತರ ಬರೆಯುವ ಮೊದಲು ಎಣಿಸಿ

ಸಾಫ್ಟ್‌ವೇರ್ ಕಂಪನಿಯಿಂದ ಪತ್ರ ಬಂದಿದೆ: ಕೊಂಡಿದ್ದಕ್ಕಿಂತ ಹೆಚ್ಚು ಲೈಸೆನ್ಸ್ ಬಳಸುತ್ತಿದ್ದೀರಿ, ಬಾಕಿ ಕಟ್ಟಿ. ಇಲ್ಲವೇ, ಬೇಡವೆಂದುಕೊಂಡಿದ್ದ ಚಂದಾ ತಾನಾಗಿಯೇ ನವೀಕರಣಗೊಂಡು ಇನ್ನೊಂದು ವರ್ಷದ ಬಿಲ್ ಬಂದಿದೆ. ಇಂಥ ತಕರಾರುಗಳಲ್ಲಿ ಹೆಚ್ಚು ದುಬಾರಿಯಾಗುವುದು ಮೊದಲ ವಾರದ ತಪ್ಪುಗಳೇ. ಗಾಬರಿಯಲ್ಲಿ ಬರೆದ ‘ಹೌದು, ಸ್ವಲ್ಪ ಹೆಚ್ಚಾಗಿರಬಹುದು’ ಎಂಬ ಒಂದು ಸಾಲಿನ ಇಮೇಲ್ ಮುಂದೆ ಒಪ್ಪಿಗೆಯ ದಾಖಲೆಯಾಗುತ್ತದೆ. ಮೊದಲ ಉತ್ತರದಲ್ಲಿ ಇಷ್ಟೇ ಇರಲಿ: ಪತ್ರ ತಲುಪಿದೆ, ಪರಿಶೀಲಿಸಿ ಇಂಥ ದಿನಾಂಕದೊಳಗೆ ತಿಳಿಸುತ್ತೇವೆ. ಕಂಪನಿಯೊಂದಿಗೆ ಮಾತನಾಡುವವರು ಇನ್ನು ಒಬ್ಬರೇ ಆಗಿರಲಿ. ಬಳಕೆ ದಾಖಲಾಗುವ ಯಾವ ಲಾಗ್ ಅನ್ನೂ, ಯಾವ ಖಾತೆಯನ್ನೂ ಈಗ ಅಳಿಸಬೇಡಿ. ಸಾಕ್ಷ್ಯ ನಾಶದ ಆರೋಪ ಮೂಲ ಬಾಕಿಗಿಂತ ಭಾರವಾದೀತು.

ಕಾಗದ ಜೋಡಿಸಿ

ಒಪ್ಪಂದ ಎಂದರೆ ಒಂದೇ ಕಾಗದವಲ್ಲ. ಮೂಲ ಕರಾರು, ಆರ್ಡರ್ ಫಾರ್ಮ್‌ಗಳು, ನಂತರದ ತಿದ್ದುಪಡಿಗಳು, ಆನ್‌ಲೈನ್‌ನಲ್ಲಿ ‘ಒಪ್ಪಿದೆ’ ಎಂದು ಕ್ಲಿಕ್ ಮಾಡಿದ ಷರತ್ತುಗಳು, ಎಲ್ಲವೂ ಸೇರಿಯೇ ಒಪ್ಪಂದ. ಇವು ಒಂದಕ್ಕೊಂದು ಹೊಂದದಿದ್ದಾಗ ಯಾವುದರ ಮಾತು ಮೇಲು ಎಂದು ಹೇಳುವ ಕಲಮು ಸಾಮಾನ್ಯವಾಗಿ ಇರುತ್ತದೆ. ಮೊದಲು ಅದನ್ನೇ ಹುಡುಕಿ. ವೆಬ್ ಪುಟದ ಷರತ್ತುಗಳು ಬದಲಾಗುತ್ತಿರುತ್ತವೆ. ನೀವು ಸಹಿ ಹಾಕಿದ ದಿನ ಇದ್ದ ಆವೃತ್ತಿ ಬೇಕು, ಇಂದಿನದಲ್ಲ.

ಮಾರಾಟದವರು ಬಾಯಿಮಾತಿನಲ್ಲಿ ಕೊಟ್ಟ ಭರವಸೆಯನ್ನು ನೆಚ್ಚಿಕೊಳ್ಳಬೇಡಿ. ‘ಈ ಬರಹವೇ ಪೂರ್ಣ ಒಪ್ಪಂದ’ ಎಂಬ ಕಲಮಿದ್ದರೆ ಅಂಥ ಭರವಸೆಗೆ ಬಲ ಬಹಳ ಕಡಿಮೆ.

ಎಣಿಕೆ ನೀವೇ ಮಾಡಿ

ಇಡೀ ತಕರಾರಿನ ತಿರುಳು ಇಲ್ಲಿದೆ. ಲೈಸೆನ್ಸ್‌ನ ಅಳತೆ ಯಾವುದು: ಹೆಸರಿಸಿದ ಬಳಕೆದಾರರೇ, ಏಕಕಾಲಕ್ಕೆ ಲಾಗಿನ್ ಆಗುವವರೇ, ಸಾಧನಗಳೇ, ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಘಟಕಗಳಾದ ಪ್ರೊಸೆಸರ್ ಕೋರ್‌ಗಳೇ? 300 ಜನ ಪಾಳಿಯಲ್ಲಿ ಬಳಸಿ, ಒಂದೇ ಸಮಯಕ್ಕೆ 100 ಜನ ಮಾತ್ರ ಒಳಗಿದ್ದರೆ, ಅಳತೆ ಬದಲಾದಂತೆ ಬಿಲ್ ಮೂರುಪಟ್ಟು ಆಗಬಹುದು.

ಒಂದು ಲೆಕ್ಕ ನೋಡಿ. ಕೊಂಡದ್ದು 200 ಲೈಸೆನ್ಸ್. ಕಂಪನಿಯ ವರದಿ ತೋರಿಸುವುದು 260. ಅದರಲ್ಲಿ 35 ಖಾತೆಗಳು ಕೆಲಸ ಬಿಟ್ಟುಹೋದವರವು, 15 ಒಬ್ಬರಿಗೇ ಎರಡೆರಡು ಆದವು, 4 ಬ್ಯಾಕಪ್‌ನಂಥ ಸ್ವಯಂಚಾಲಿತ ಕೆಲಸಗಳವು. ಇವನ್ನೆಲ್ಲ ಕಳೆದರೆ ಉಳಿಯುವುದು 206. ಅಂದರೆ ಕೊರತೆ 60 ಅಲ್ಲ, 6. ಆದರೆ ಹೀಗೆ ಕಳೆಯಲು ಒಪ್ಪಂದದ ವ್ಯಾಖ್ಯೆ ಅವಕಾಶ ಕೊಡಬೇಕು: ಖಾತೆ ಇದ್ದರೆ ಸಾಕು, ಬಳಸದಿದ್ದರೂ ಲೆಕ್ಕಕ್ಕೆ ಬರುತ್ತದೆ ಎಂದು ಬರೆದಿದ್ದರೆ ಆ 35 ಕೂಡ ಉಳಿಯುತ್ತವೆ.

ಕೋರ್ ಲೆಕ್ಕದಲ್ಲಿ ಬೇರೆ ಬಲೆ ಇದೆ. ವರ್ಚುವಲ್ ಯಂತ್ರಕ್ಕೆ (ಸರ್ವರ್‌ನೊಳಗೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್‌ಗೆ) 4 ಕೋರ್ ಮಾತ್ರ ಕೊಟ್ಟಿದ್ದರೂ, ಅದು ಚಲಿಸಬಹುದಾದ ಕ್ಲಸ್ಟರ್‌ನ (ಸರ್ವರ್‌ಗಳ ಗುಂಪಿನ) ಎಲ್ಲ ಭೌತಿಕ ಕೋರ್‌ಗಳಿಗೂ ಲೈಸೆನ್ಸ್ ಬೇಕು ಎಂದು ಕೆಲವು ಕಂಪನಿಗಳು ವಾದಿಸುತ್ತವೆ. ಆ ನಿಯಮ ಒಪ್ಪಂದದಲ್ಲೇ ಇದೆಯೇ, ಅಥವಾ ಒಪ್ಪಂದಕ್ಕೆ ಸೇರದ ಯಾವುದೋ ‘ಮಾರ್ಗದರ್ಶಿ’ಯಲ್ಲಿದೆಯೇ ಎಂದು ಕೇಳಿ. ಪರೀಕ್ಷೆಗೆಂದು ಇಟ್ಟ ಸರ್ವರ್‌, ತುರ್ತಿಗೆ ಕಾದಿರಿಸಿದ ಸರ್ವರ್‌ಗಳಿಗೂ ಇದೇ ಪ್ರಶ್ನೆ.

ಪರೋಕ್ಷ ಬಳಕೆಯನ್ನು ಮರೆಯಬೇಡಿ. ಬೇರೊಂದು ತಂತ್ರಾಂಶದ ಮೂಲಕ ಮಾಹಿತಿ ಪಡೆಯುವವರೂ ಬಳಕೆದಾರರೇ ಎಂಬ ಪ್ರಶ್ನೆ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಮತ್ತು ಮದ್ಯ ಕಂಪನಿ ಡಿಯಾಜಿಯೊ ನಡುವಿನ ಮೊಕದ್ದಮೆಯ ಕೇಂದ್ರವಾಗಿತ್ತು. ಎಸ್‌ಎಪಿ ಕೇಳಿದ್ದು 5.4 ಕೋಟಿ ಪೌಂಡ್‌ಗೂ ಹೆಚ್ಚು. 2017ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಹೊಣೆಯ ಪ್ರಶ್ನೆಯಲ್ಲಿ ಎಸ್‌ಎಪಿ ಪರ ನಿಂತಿತು. ‘ಬಳಕೆ’ ಎಂಬ ಒಂದು ಪದದ ವ್ಯಾಖ್ಯೆಗೆ ಇಷ್ಟು ಬೆಲೆ ಇದೆ.

ಆಡಿಟ್‌ಗೆ ಬಂದರೆ

ಆಡಿಟ್ ಎಂದರೆ ನಿಮ್ಮ ಬಳಕೆಯನ್ನು ಕಂಪನಿ ಪರಿಶೀಲಿಸುವುದು. ಎಷ್ಟು ದಿನ ಮುಂಚೆ ತಿಳಿಸಬೇಕು, ವರ್ಷಕ್ಕೆ ಎಷ್ಟು ಬಾರಿ ಬರಬಹುದು, ಯಾವ ಉತ್ಪನ್ನಗಳನ್ನು ನೋಡಬಹುದು ಎಂಬುದು ಆಡಿಟ್ ಕಲಮಿನಲ್ಲಿರುತ್ತದೆ. ಅದಕ್ಕಿಂತ ಹೆಚ್ಚು ಕೊಡಬೇಕಿಲ್ಲ. ಬಳಕೆ ಎಣಿಸುವ ಅವರ ಸ್ಕ್ರಿಪ್ಟ್ (ಕಿರು ಪ್ರೋಗ್ರಾಂ) ಓಡಿಸುವುದು ಕಡ್ಡಾಯವೇ ಎಂದು ಓದಿ ನೋಡಿ. ಕಡ್ಡಾಯವಾದರೂ ಅದು ಏನೇನು ಸಂಗ್ರಹಿಸುತ್ತದೆ ಎಂದು ಲಿಖಿತವಾಗಿ ಕೇಳಿ, ಫಲಿತಾಂಶವನ್ನು ಮೊದಲು ನೀವು ನೋಡಿ, ನಂತರ ಕಳುಹಿಸಿ. ಹೊರಗಿನ ಲೆಕ್ಕಿಗರು ಬಂದರೆ ಗೌಪ್ಯತೆಯ ಕರಾರು ಆದ ಮೇಲೇ ಮಾಹಿತಿ ಕೊಡಿ.

ತಾನಾಗಿ ನವೀಕರಣವಾದರೆ

ಅವಧಿ ಮುಗಿಯುವ 30, 60 ಅಥವಾ 90 ದಿನ ಮುಂಚೆ ನೋಟಿಸ್ ಕೊಡಬೇಕೆಂಬ ಷರತ್ತು ಸಾಮಾನ್ಯ. ಡಿಸೆಂಬರ್ 31ಕ್ಕೆ ಮುಗಿಯುವ ಚಂದಾಗೆ 90 ದಿನ ಎಂದರೆ ಅಕ್ಟೋಬರ್ ಮೊದಲಲ್ಲೇ ಗಡುವು. ನೋಟಿಸನ್ನು ಯಾವ ವಿಳಾಸಕ್ಕೆ, ಯಾವ ರೀತಿಯಲ್ಲಿ ಕಳಿಸಬೇಕೆಂದೂ ಬರೆದಿರುತ್ತದೆ. ಪರಿಚಯದ ಮಾರಾಟ ಪ್ರತಿನಿಧಿಗೆ ಹಾಕಿದ ಇಮೇಲ್ ನೋಟಿಸ್ ಅಲ್ಲ ಎಂದು ಗೊತ್ತಾಗುವ ಹೊತ್ತಿಗೆ ಗಡುವು ಕಳೆದಿರುತ್ತದೆ. ಗಡುವು ತಪ್ಪಿದ್ದರೂ ಕೈಚೆಲ್ಲಬೇಡಿ: ನವೀಕರಣದ ಮುನ್ಸೂಚನೆ ಕೊಡುವುದಾಗಿ ಕಂಪನಿ ಒಪ್ಪಿ ಕೊಡದಿದ್ದರೆ, ಅಥವಾ ಒಪ್ಪಿದ ಮಿತಿಗಿಂತ ದರ ಏರಿಸಿದ್ದರೆ, ಅದೇ ನಿಮ್ಮ ಆಕ್ಷೇಪಣೆ.

ಬಿಲ್ಲಿನಲ್ಲಿ ತಕರಾರಿಲ್ಲದ ಭಾಗವನ್ನು ಸಮಯಕ್ಕೆ ಕಟ್ಟಿ, ಉಳಿದದ್ದಕ್ಕೆ ಕಾರಣ ಸಹಿತ ಲಿಖಿತ ಆಕ್ಷೇಪಣೆ ಸಲ್ಲಿಸಿ. ಇಡೀ ಬಿಲ್ ತಡೆಹಿಡಿದರೆ ಸೇವೆ ನಿಲ್ಲಿಸುವ ಹಕ್ಕು ಅವರಿಗೆ ಸಿಗಬಹುದು. ಇಂಟರ್ನೆಟ್ ಮೂಲಕ ಬಳಸುವ ಕ್ಲೌಡ್ ಸೇವೆಯಾದರೆ ಖಾತೆ ಮುಚ್ಚುವ ಮೊದಲೇ ಡೇಟಾ ಇಳಿಸಿಕೊಳ್ಳಿ. ಇಳಿಸಿದ ಕಡತ ಬೇರೆಡೆ ತೆರೆಯುತ್ತದೆಯೇ ಎಂದು ಪರೀಕ್ಷಿಸಿ.

ರಾಜಿ

ಚೌಕಾಸಿ ಮಾಡುವಾಗ ಪಟ್ಟಿಯ ಬೆಲೆಗೆ ಒಪ್ಪಬೇಡಿ, ನಿಮ್ಮ ಹಳೆಯ ರಿಯಾಯಿತಿ ದರವನ್ನೇ ಕೇಳಿ. ಹಿಂದಿನ ವರ್ಷಗಳ ನಿರ್ವಹಣಾ ಶುಲ್ಕವನ್ನು ಪ್ರತ್ಯೇಕವಾಗಿ ಪ್ರಶ್ನಿಸಿ. ಬಳಕೆ ಯಾವಾಗ ಶುರುವಾಯಿತೆಂದು ತೋರಿಸಲು ಹೇಳಿ. ರಾಜಿ ಪ್ರಸ್ತಾಪಗಳನ್ನು ‘ಹಕ್ಕುಗಳಿಗೆ ಬಾಧಕವಿಲ್ಲದೆ’ (ಅಂದರೆ, ಇದು ತಪ್ಪೊಪ್ಪಿಗೆಯಲ್ಲ) ಎಂದು ಗುರುತಿಸಿಯೇ ಕಳುಹಿಸಿ. ಮೊತ್ತ ದೊಡ್ಡದಿದ್ದರೆ ಈ ಹಂತಕ್ಕೂ ಮೊದಲೇ ವಕೀಲರು ಜೊತೆಗಿರಬೇಕು. ಯಾವ ದೇಶದ ಕಾನೂನು, ನ್ಯಾಯಾಲಯವೋ ಮಧ್ಯಸ್ಥಿಕೆಯೋ ಎಂಬುದು ಒಪ್ಪಂದದ ಕೊನೆಯ ಪುಟಗಳಲ್ಲಿರುತ್ತದೆ.

ಹಣ ಕಟ್ಟುವ ಮುನ್ನ, ಸಹಿಯ ದಿನಾಂಕದವರೆಗಿನ ಎಲ್ಲ ಬಳಕೆಯ ಹೊಣೆಯಿಂದ ಬಿಡುಗಡೆ ಎಂಬ ಸಾಲು ರಾಜಿಪತ್ರದಲ್ಲಿರಲಿ. ಅದಿಲ್ಲದಿದ್ದರೆ ಅದೇ ಅವಧಿಗೆ ಮತ್ತೊಂದು ಬೇಡಿಕೆ ಬರಬಹುದು.